ನಾವು ಉಂಡ ಎಲೆ ಬಂದ ಬೀದಿ

ಹತ್ತು ದಿನದ ಹಿಂದೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಆದ ಮೇಲೆ, ದಾವಣಗೆರೆ ಕಡೆಯಿಂದ ಹೊಸದಾಗಿ ಬಂದಿರುವ ಗಂಡ-ಹೆಂಡತಿ, ಮನೆ ಎಲ್ಲಿ ತಗೊಂಡರೆ ಒಳ್ಳೇದು ಅಂತ ವಿಚಾರಿಸಿದರು. ಇಪ್ಪತ್ತೈದು ವರ್ಷದಿಂದ ಇಲ್ಲೇ ಇರುವ ಹಿರಿಯರೊಬ್ಬರು, "ಅರೋರಾದ ಈಸ್ಟ್ ಸೈಡ್ ಒಂದು ಬೇಡಮ್ಮ, ಅಲ್ಲೆಲ್ಲಾ ಅವರೇ ತುಂಬ್ಕೊಂಡಿದ್ದಾರೆ" ಅಂದರು. ಅವರು ಅಂದರೆ ಯಾರು ಅಂತ ಆ ಹುಡುಗಿಯೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಎಲೆ ಎತ್ತುತ್ತಿದ್ದ ನಾನೂ ಸುಮ್ಮನಿದ್ದೆ. ಸುಮ್ಮನಿದ್ದೆನಲ್ಲಾ ಅನ್ನೋದು ಅವತ್ತಿನಿಂದ ಕೊರೀತಾ ಇದೆ. ಅವತ್ತು ಬಾಯಿಗೆ ಬಾರದ್ದನ್ನು ಇವತ್ತು ಬರೀತಿದ್ದೀನಿ, ಉದ್ದ ಆಗುತ್ತೆ, ಓದಿ.

ನಾನಿರೋದು ಇಲಿನಾಯ್ ರಾಜ್ಯದ ಕೇನ್ ಕೌಂಟಿಯಲ್ಲಿ, ಶಿಕಾಗೋದಿಂದ ಪಶ್ಚಿಮಕ್ಕೆ ಕಾರಲ್ಲಿ ಒಂದು ಗಂಟೆ. ಕೌಂಟಿ ಅಂದರೆ ನಮ್ಮಲ್ಲಿಯ ಜಿಲ್ಲೆ ಇದ್ದ ಹಾಗೆ. 2020ರ ಜನಗಣತಿಯಲ್ಲಿ ಇಲ್ಲಿ 5 ಲಕ್ಷ 16 ಸಾವಿರ ಜನ. ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಅವರಲ್ಲಿ ಬಹುಪಾಲು ಮೆಕ್ಸಿಕೋ ಕಡೆಯವರು. ಆ ಹಿರಿಯರು "ಅವರೇ" ಅಂದದ್ದು ಇವರನ್ನೇ. ಆದರೆ ಈ ಮೂವರಲ್ಲಿ ಒಬ್ಬರು ಅನ್ನೋ ಲೆಕ್ಕ ಊರೂರಿಗೆ ಹೋಗಿ ನೋಡಿದರೆ ಎಲ್ಲೂ ತಾಳೆ ಆಗೋದಿಲ್ಲ. ಫಾಕ್ಸ್ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತೆ, ದಂಡೆಯುದ್ದಕ್ಕೂ ಊರುಗಳು. ಮೇಲುಗಡೆ ಕಾರ್ಪೆಂಟರ್ಸ್‌ವಿಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಟಿನೋಗಳು. ಎಲ್ಜಿನ್‌ನಲ್ಲಿ ಅರ್ಧದ ಹತ್ತಿರ. ಇನ್ನಷ್ಟು ಕೆಳಗೆ ಬಂದರೆ ಸೇಂಟ್ ಚಾರ್ಲ್ಸ್, ಜಿನೀವಾ, ಬಟೇವಿಯಾ. ಜಿನೀವಾದಲ್ಲಿ ನೂರಕ್ಕೆ ಹತ್ತು ಜನವೂ ಇಲ್ಲ. ಅಲ್ಲಿಂದ ಇಪ್ಪತ್ತು ನಿಮಿಷ ಕಾರು ಓಡಿಸಿದರೆ ಅರೋರಾ, 1 ಲಕ್ಷ 80 ಸಾವಿರ ಜನರ ಊರು, ಹತ್ತರಲ್ಲಿ ನಾಲ್ಕು ಮಂದಿ ಲ್ಯಾಟಿನೋಗಳು. ಅದೇ ನದಿ, ಅದೇ ಕೌಂಟಿ.

"ಅವರಿಗೆ ಅವರವರೇ ಒಟ್ಟಿಗಿರೋದು ಇಷ್ಟ ಕಣ್ರೀ" ಅಂತಾರೆ ನಮ್ಮವರು. ನೆಂಟರಿರೋ ಊರಿಗೆ ನೆಂಟರು ಬರೋದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಮೊದಲನೇ ನೆಂಟ ಆ ಊರಿಗೇ ಯಾಕೆ ಬಂದ?

ಅರೋರಾಕ್ಕೆ ಅವನನ್ನು ಕರೆದದ್ದು ರೈಲು. ಬರ್ಲಿಂಗ್ಟನ್ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇದ್ದದ್ದು ಇಲ್ಲಿ. 1850ರ ದಶಕದಲ್ಲಿ ಕಟ್ಟಿದ ಕಲ್ಲಿನ ರೌಂಡ್‌ಹೌಸ್, ಅಂದರೆ ಇಂಜಿನ್‌ಗಳನ್ನು ನಿಲ್ಲಿಸಿ ರಿಪೇರಿ ಮಾಡ್ತಿದ್ದ ದುಂಡನೆಯ ಕಟ್ಟಡ, ಇವತ್ತಿಗೂ ಸ್ಟೇಷನ್ ಪಕ್ಕ ನಿಂತಿದೆ. ಮೊದಲನೇ ಮಹಾಯುದ್ಧ ಶುರುವಾಗಿ ಯುರೋಪಿನಿಂದ ಕೂಲಿಗಳು ಬರೋದು ನಿಂತಿತು. ಆಮೇಲೆ 1921, 1924ರ ಕಾಯ್ದೆಗಳು ಯುರೋಪಿನವರಿಗೆ ಕೋಟಾ ಹಾಕಿದವು, ಮೆಕ್ಸಿಕೋಗೆ ಹಾಕಲಿಲ್ಲ. ಹಳಿ ಹಾಕೋದಕ್ಕೆ, ಸ್ಲೀಪರ್ ಬದಲಿಸೋದಕ್ಕೆ ಮೆಕ್ಸಿಕನ್ನರನ್ನು ಕರೆಸಿಕೊಂಡರು. ಮನೆ ಕೊಡಲಿಲ್ಲ, ಹಳೇ ಗೂಡ್ಸ್ ಡಬ್ಬಿ ಕೊಟ್ಟರು. ಅರೋರಾದ ಪೂರ್ವದ ಅಂಚಿನಲ್ಲಿ, ಪಕ್ಕದ ಡುಪೇಜ್ ಕೌಂಟಿಗೆ ಸೇರಿದ ಈಯೋಲಾದಲ್ಲಿ, 1920ರ ದಶಕದಲ್ಲಿ ಸಂಸಾರಗಳು ಆ ಡಬ್ಬಿಗಳಲ್ಲೇ ಬದುಕಿದವು. ನಾವು ವಾರಕ್ಕೆ ಎರಡು ಸಲ ಓಡಾಡೋ ಈಯೋಲಾ ರೋಡ್ ಇದೆಯಲ್ಲ, ಆ ಈಯೋಲಾ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿಯೂ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಲ್ಲಿಯ ರೈಲ್ವೆ ಸೇತುವೆ ದಾಟುವಾಗಲೆಲ್ಲ ಚಳಿಗಾಲದಲ್ಲಿ ಆ ಮಕ್ಕಳು ಹೇಗಿದ್ದರೋ ಅನ್ನಿಸುತ್ತೆ. ಇಲ್ಲಿಯ ಜನವರಿ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ.

ಅವರನ್ನು ಹೇಗೆ ಎಣಿಸಿದರು ಅನ್ನೋದನ್ನೂ ನೋಡಿ. 1930ರ ಜನಗಣತಿಯಲ್ಲಿ, ಅದೊಂದೇ ಸಲ, "ಮೆಕ್ಸಿಕನ್" ಅನ್ನೋದನ್ನು ಬೇರೆ ಜನಾಂಗ ಅಂತ ಬರೆದುಕೊಂಡರು. ಮೆಕ್ಸಿಕೋ ಸರ್ಕಾರವೂ ಇಲ್ಲಿಯ ಮೆಕ್ಸಿಕನ್ನರೂ ವಿರೋಧಿಸಿದ ಮೇಲೆ 1940ರಲ್ಲಿ ತೆಗೆದರು. ಅದೇ ಹತ್ತು ವರ್ಷದಲ್ಲಿ, ಕೆಲಸ ಇಲ್ಲ ಅಂತ ದೇಶದ ಉದ್ದಗಲಕ್ಕೂ ಲಕ್ಷಾಂತರ ಮಂದಿಯನ್ನು ರೈಲು ಹತ್ತಿಸಿ ಮೆಕ್ಸಿಕೋಗೆ ಕಳಿಸಿದರು. ಅವರಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು, ಈ ದೇಶದ ಪ್ರಜೆಗಳು. ಯುದ್ಧ ಬಂದು ಕೈ ಸಾಲದೆ ಹೋದಾಗ, 1942ರಲ್ಲಿ, ಬ್ರಸೇರೋ ಅಂತ ಯೋಜನೆ ಮಾಡಿ ಮತ್ತೆ ಕರೆಸಿಕೊಂಡರು. ಬೇಕಾದಾಗ ಬಾ, ಬೇಡವಾದಾಗ ಹೋಗು.

ಕಾರ್ಪೆಂಟರ್ಸ್‌ವಿಲ್ ಕತೆ ಬೇರೆ. 1950ರ ದಶಕದಲ್ಲಿ ಅಲ್ಲಿ ಮೆಡೋಡೇಲ್ ಅಂತ ದೊಡ್ಡ ಬಡಾವಣೆ ಆಯಿತು, ಸಾಲುಸಾಲು ಚಿಕ್ಕ ಮನೆಗಳು, ಕಾರ್ಮಿಕರ ಕೈಗೆಟುಕೋ ಬೆಲೆ. ಮುಂದೆ ದುಡಿಯೋ ಮೆಕ್ಸಿಕನ್ ಸಂಸಾರಗಳು ಸ್ವಂತ ಮನೆ ಅಂತ ಕೊಳ್ಳೋಕೆ ಸಾಧ್ಯವಾದದ್ದು ಅಂಥ ಕಡೆಯೇ. ಅವರ ಸಂಖ್ಯೆ ಹೆಚ್ಚಾದ ಮೇಲೆ, 2007ರಲ್ಲಿ, ಊರಿನ ಆಡಳಿತ ಮಂಡಳಿ ಇಂಗ್ಲಿಷೇ ನಮ್ಮ ಅಧಿಕೃತ ಭಾಷೆ ಅಂತ ಠರಾವು ಮಾಡಿತು. ಭಾಷೆಗಾಗಿ ಬೀದಿಗಿಳಿದ ನಾಡಿನಿಂದ ಬಂದವರು ನಾವು. ಮನೆಯಲ್ಲಾಡೋ ನುಡಿಯನ್ನು ಊರೇ ಸೇರಿ ಬೇಡ ಅಂದರೆ ಎಲ್ಲಿ ಚುಚ್ಚುತ್ತೆ ಅಂತ ನಮಗೆ ಬೇರೆಯವರು ವಿವರಿಸಬೇಕಾ?

ಇನ್ನು ಜಿನೀವಾದಂಥ ಊರುಗಳು. ಅಲ್ಲೂ ಹಳಿ ಇದೆ, ಅಲ್ಲೂ ನದಿ ಇದೆ. ಆದರೆ ಹೆಚ್ಚಿನ ಬಡಾವಣೆಗಳಲ್ಲಿ ಒಂದು ಸೈಟಿಗೆ ಒಂದೇ ಮನೆ ಅನ್ನೋ ನಿಯಮ. ಅಪಾರ್ಟ್‌ಮೆಂಟ್‌ಗೆ ಜಾಗವೇ ಕಮ್ಮಿ ಇಟ್ಟರೆ ತಿಂಗಳ ಬಾಡಿಗೆ ಕಟ್ಟಿ ಬದುಕೋರು ಎಲ್ಲಿಗೆ ಹೋಗಬೇಕು? ಬೋರ್ಡು ಹಾಕಿ ಯಾರನ್ನೂ ತಡೆಯಬೇಕಾಗಿಲ್ಲ, ಸೈಟಿನ ಅಳತೆಯೇ ತಡೆಯುತ್ತೆ.

ಜನಗಣತಿಯ ನಿಯಮ ಓದಿದಾಗ ಒಂದು ಮಾತು ಮನಸ್ಸಿಗೆ ನಾಟಿತು. ಮನುಷ್ಯ ಹೆಚ್ಚಿನ ದಿನ ಎಲ್ಲಿ ಇದ್ದು ಮಲಗ್ತಾನೋ ಅಲ್ಲಿಯ ಲೆಕ್ಕಕ್ಕೆ ಸೇರ್ತಾನೆ. ಅಂದರೆ ಈ ನಕ್ಷೆ ರಾತ್ರಿಯದು. ಹಗಲಿನ ನಕ್ಷೆ ನೋಡಬೇಕು ಅಂದರೆ ಮೇ ತಿಂಗಳಲ್ಲಿ ಬೆಳಿಗ್ಗೆ ಏಳಕ್ಕೆ ರ‍್ಯಾಂಡಲ್ ರೋಡಿನಲ್ಲಿ ನಿಲ್ಲಿ. ಪಿಕಪ್ ಗಾಡಿಗಳು, ಹಿಂದೆ ಟ್ರೇಲರ್, ಅದರಲ್ಲಿ ಹುಲ್ಲು ಕತ್ತರಿಸೋ ಮಷೀನು, ಒಂದರ ಹಿಂದೊಂದು ಅರೋರಾ ಕಡೆಯಿಂದ ಉತ್ತರಕ್ಕೆ, ಜಿನೀವಾ ಕಡೆಗೆ ಹೋಗ್ತಿರುತ್ತವೆ. ಜಿನೀವಾದ ಹೋಟೆಲ್ ಅಡುಗೆಮನೆಯಲ್ಲಿ, ಸೇಂಟ್ ಚಾರ್ಲ್ಸ್‌ನ ಸೂರಿನ ಮೇಲೆ, ಹಗಲೆಲ್ಲಾ ಅವರೇ. ಸಂಜೆ ಗಾಡಿಗಳು ವಾಪಸ್ಸು. ರಾತ್ರಿ ಮಲಗೋ ಹೊತ್ತಿಗೆ ಜಿನೀವಾ ಮತ್ತೆ ನೂರಕ್ಕೆ ಹತ್ತೂ ಇಲ್ಲದ ಊರು.

ನಮ್ಮ ಬೀದಿಯ ಹುಲ್ಲು ಕತ್ತರಿಸೋದಕ್ಕೆ ಮೆಕ್ಸಿಕೋದ ಗ್ವಾನಾಹ್ವಾತೋ ಕಡೆಯವರೊಬ್ಬರು ಬರ್ತಾರೆ, ನನಗಿಂತ ದೊಡ್ಡವರು. ಹೋದ ಜುಲೈನಲ್ಲಿ ಬಿಸಿಲು ವಿಪರೀತ, ಕರೆದು ಮಜ್ಜಿಗೆ ಕೊಟ್ಟೆ. ಹಸಿಮೆಣಸಿನಕಾಯಿ, ಕೊತ್ತಂಬರಿ, ಶುಂಠಿ ಜಜ್ಜಿ ಹಾಕಿದ್ದು. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. "ಸೆರಾನೋ?" ಅಂದರು. ಹೌದು, ಅವರದೇ ಸೆರಾನೋ ಮೆಣಸಿನಕಾಯಿ. ತಳದಲ್ಲಿ ಉಳಿದಿದ್ದ ಚೂರನ್ನೂ ಬೆರಳಲ್ಲಿ ತೆಗೆದು ಬಾಯಿಗೆ ಹಾಕ್ಕೊಂಡರು. ಈ ಬೀದಿಗೆ ಹದಿನಾರು ವರ್ಷದಿಂದ ಬರ್ತಿದ್ದಾರಂತೆ. ಒಂದು ಮನೆಯೊಳಗೂ ಕಾಲಿಟ್ಟಿಲ್ಲ ಅಂದರು. ಅವರ ಮನೆ ಅರೋರಾದ ಅದೇ ಈಸ್ಟ್ ಸೈಡ್, ನ್ಯೂಯಾರ್ಕ್ ಸ್ಟ್ರೀಟ್‌ನಿಂದ ಎರಡು ಬೀದಿ ಆಚೆ.

ನ್ಯೂಯಾರ್ಕ್ ಸ್ಟ್ರೀಟ್! ಸಂಕ್ರಾಂತಿಗೆ ನಾವು ಕಬ್ಬು ತರೋದು ಅಲ್ಲಿಂದ. ಕ್ರಿಸ್‌ಮಸ್‌ಗೆ ಪೋಂಚೆ ಅಂತ ಹಣ್ಣಿನ ಬಿಸಿ ಪಾನಕ ಮಾಡ್ತಾರೆ, ಅದಕ್ಕೆ ಕಬ್ಬು ಬೇಕು, ಅದಕ್ಕೇ ಡಿಸೆಂಬರ್ ಹೊತ್ತಿಗೆ ಅವರ ಅಂಗಡಿಗಳಲ್ಲಿ ಕಬ್ಬು ಬಂದಿರುತ್ತೆ. ಸೀಬೆಹಣ್ಣು, ಕುಂಬಳಕಾಯಿ, ಕಟ್ಟುಕಟ್ಟು ಕೊತ್ತಂಬರಿ ಎಲ್ಲ ಅಲ್ಲೇ. ತಮಾಲೆ ಅನ್ನೋ ಮೆಕ್ಕೆಜೋಳದ ಕಡುಬು ಸುತ್ತೋದಕ್ಕೆ ಅಂತ ಅವರು ತರಿಸೋ ಬಾಳೆಎಲೆ ಕೂಡ. ಅವತ್ತು ಆ ಹಿರಿಯರು ಕೂತು ಉಂಡ ಎಲೆಯೂ ಅಲ್ಲಿಂದಲೇ ಬಂದದ್ದು.

ನಾವೇನು ಚೆದುರಿಕೊಂಡು ಇದ್ದೀವಾ? ಒಂದೇ ಸ್ಕೂಲ್ ಡಿಸ್ಟ್ರಿಕ್ಟ್, ದೇವಸ್ಥಾನಕ್ಕೆ ಹತ್ತಿರ, ಕನ್ನಡದವರು ನಾಲ್ಕು ಮನೆ ಇರೋ ಬಡಾವಣೆ, ಅದನ್ನೇ ಹುಡುಕ್ತೀವಿ. ಅರೋರಾದ ಬಾಲಾಜಿ ದೇವಸ್ಥಾನದಲ್ಲಿ ಶನಿವಾರ ಬೆಳಿಗ್ಗೆ ಪಾರ್ಕಿಂಗ್ ಸಿಗೋದಿಲ್ಲ. ಅದಕ್ಕೆ ತುಂಬ್ಕೊಂಡಿದ್ದೀವಿ ಅನ್ನೋದಿಲ್ಲ, ಕಮ್ಯುನಿಟಿ ಚೆನ್ನಾಗಿದೆ ಅಂತೀವಿ.

"ಅಲ್ಲಿಯ ಸ್ಕೂಲ್ ರೇಟಿಂಗ್ ಕಮ್ಮಿ, ಅದಕ್ಕೇ ಬೇಡ ಅನ್ನೋದು" ಅಂತ ಈಗಲೇ ಕಾಮೆಂಟ್ ಬರೆಯೋರಿಗೆ ಒಂದು ಮಾತು. ಇಲಿನಾಯ್‌ನಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಬರೋದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಮನೆ ಬೆಲೆ ಕಮ್ಮಿ ಇರೋ ಕಡೆ ಮಕ್ಕಳು ಜಾಸ್ತಿ, ತೆರಿಗೆ ಕಮ್ಮಿ. ಇದನ್ನು ಸರಿಮಾಡೋಕೆ ಅಂತಲೇ ರಾಜ್ಯ 2017ರಲ್ಲಿ ಹೊಸ ಕಾಯ್ದೆ ತಂದು, ಹೆಚ್ಚುವರಿ ದುಡ್ಡು ಮೊದಲು ಕೊರತೆ ಇರೋ ಶಾಲೆಗಳಿಗೆ ಹೋಗಬೇಕು ಅಂತ ಮಾಡಿತು. ವರ್ಷಾನುಗಟ್ಟಲೆ ಕೊಡದೆ ಇಟ್ಟು, ಆಮೇಲೆ ಆ ಮಕ್ಕಳ ಮಾರ್ಕ್ಸ್ ತೋರಿಸಿ "ನೋಡಿ, ಅದಕ್ಕೇ ಬೇಡ ಅಂದದ್ದು" ಅನ್ನೋದು ಅನ್ಯಾಯ. ನಾನೂ ಮನೆ ಕೊಳ್ಳುವಾಗ ಆ ರೇಟಿಂಗ್ ನೋಡಿಯೇ ಕೊಂಡವನು, ಅದನ್ನು ಮುಚ್ಚಿಡೋದಿಲ್ಲ. ಆದರೆ ಆ ನಂಬರಿನ ಹಿಂದೆ ಏನಿದೆ ಅಂತ ಗೊತ್ತಾದ ಮೇಲೂ ಹೊಸಬರಿಗೆ ಅದನ್ನೇ ದಾಟಿಸೋದು ನನ್ನಿಂದ ಆಗಲ್ಲ.

ನಿನ್ನೆ ಆ ದಾವಣಗೆರೆ ಹುಡುಗಿಗೆ ಫೋನ್ ಮಾಡಿದೆ. "ಅವತ್ತು ನಾನು ಮಾತಾಡಬೇಕಿತ್ತಮ್ಮ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ಅಲ್ಲಿ ಒಂದು ಮನೆ ನೋಡಿ ಇಷ್ಟಪಟ್ಟಿದ್ವಿ, ಅವರು ಹಾಗಂದ ಮೇಲೆ ಬಿಟ್ವಿ" ಅಂದಳು. ಮನೆ ಇನ್ನೂ ಹೋಗಿಲ್ಲವಂತೆ. ಶನಿವಾರ ಬೆಳಿಗ್ಗೆ ಮೂವರೂ ಹೋಗ್ತಿದ್ದೀವಿ.