ಸತ್ಯಾಂಶ: ಬಸುರಿ ರೋಜಾ (ರಂಜಾನ್ ಉಪವಾಸ) ಬಿಟ್ಟರೆ ಪಾಪವಾ?

ರಂಜಾನ್ ಬಂತೆಂದರೆ ಒಂದು ಮೆಸೇಜ್ ಓಡಾಡುತ್ತದೆ: ‘ಬಸುರಿ, ಬಾಣಂತಿಯರಿಗೂ ರೋಜಾ ಕಡ್ಡಾಯ, ಬಿಟ್ಟರೆ ಪಾಪ.’ ಇದು ತಪ್ಪು. ಕುರ್‌ಆನ್‌ನ 2ನೇ ಅಧ್ಯಾಯದ 185ನೇ ವಚನವೇ ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಬೇರೆ ದಿನ ಹಿಡಿಯಲು ಬಿಡುತ್ತದೆ. ತನಗೋ ಮಗುವಿಗೋ ತೊಂದರೆ ಆದೀತು ಎಂಬ ಭಯವಿದ್ದರೆ ಬಸುರಿಗೆ, ಹಾಲೂಡಿಸುವ ತಾಯಿಗೂ ರಿಯಾಯಿತಿ ಇದೆ. ಮುಟ್ಟಿನ ದಿನಗಳಲ್ಲಂತೂ ರೋಜಾ ಹಿಡಿಯುವಂತೆಯೇ ಇಲ್ಲ. ಆ ದಿನಗಳನ್ನು ಆಮೇಲೆ ಕಜಾ ರೋಜಾ (ಬಿಟ್ಟ ದಿನಗಳ ಬದಲಿ ಉಪವಾಸ) ಹಿಡಿದು ತೀರಿಸುತ್ತಾರೆ.

ರಂಜಾನ್ ಬೇಸಿಗೆಯಲ್ಲಿ ಬಂದರೆ ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸಹರಿಗೆ (ರೋಜಾ ಶುರುವಾಗುವ ಮುಂಚಿನ ನಸುಕಿನ ಊಟಕ್ಕೆ) ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿಯುವವಳು, ತಾನು ಮಾತ್ರ ಕೊನೆಗೆ ಎರಡು ತುತ್ತು ತಿಂದು ಹೊಲಕ್ಕೆ ಹೋಗುತ್ತಾಳೆ. ಅವಳನ್ನೇ ಸುಮ್ನೆ ಹೆದರಿಸೋದು ಅನ್ಯಾಯ ಅಲ್ವಾ? ರಕ್ತ ಕಡಿಮೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಲಿ. ತಲೆಸುತ್ತು ಜಾಸ್ತಿಯಾದರೆ, ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾದರೆ ಆಗಲೇ ರೋಜಾ ಬಿಟ್ಟು ಆಸ್ಪತ್ರೆಗೆ ಹೋಗಬೇಕು.