ಸೂಜಿಯ ಹಂಗಿಲ್ಲದೆ

ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿದೆ. ಅದರ ಮೇಲೆ ಮಿಕ್ಸರ್ ಇದೆ. ಶೇಂಗಾ ಚಟ್ನಿಗೆಂದು ಮಿಕ್ಸರ್ ತಿರುಗಿಸಿದಾಗ ಎರಡೂ ಸೇರಿ ಗಡಗಡ ನಡುಗುತ್ತಿದ್ದವು. ಆ ಯಂತ್ರ ಸದ್ದು ಮಾಡುತ್ತಿದ್ದುದು ಆಗ ಮಾತ್ರ. ಮದುವೆಯ ಮಾತುಕತೆಯಲ್ಲಿ ಅಪ್ಪ ಬೀಗರ ಮುಂದೆ “ಹುಡುಗಿಗೆ ಹೊಲಿಗೆಯೂ ಬರುತ್ತದೆ” ಎಂದು ಹೇಳಿಬಿಟ್ಟಿದ್ದರು. ಆಡಿದ ಮಾತಿಗೆ ಸಾಕ್ಷಿ ಬೇಕೆಂದು ಯಂತ್ರವನ್ನೂ ಜೊತೆಗೆ ಕಳಿಸಿದರು. ಮೊದಲ ವರ್ಷ ನಾನು ಒಂದು ದಿಂಬಿನ ಚೀಲ ಹೊಲಿದೆ. ಅದರೊಳಗೆ ದಿಂಬು ಹೋಗಲಿಲ್ಲ, ಏಕೆಂದರೆ ನಾಲ್ಕೂ ಕಡೆ ಹೊಲಿದಿದ್ದೆ. ಅತ್ತೆ ಒಳ್ಳೆಯವರು. ಏನೂ ಅನ್ನಲಿಲ್ಲ, ಯಂತ್ರದ ಮೇಲೆ ಮಿಕ್ಸರ್ ಇಟ್ಟರು.

ಹೀಗಿದ್ದರೂ ಬಟ್ಟೆಯ ಆಸೆ ನನ್ನನ್ನು ಬಿಟ್ಟಿಲ್ಲ. ಬಾಗಲಕೋಟೆಯಲ್ಲಿದ್ದು ಬಟ್ಟೆಯ ಆಸೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಇಳಕಲ್ಲಿನ ಸೀರೆ, ಗುಳೇದಗುಡ್ಡದ ರವಿಕೆ ಖಣ ಎರಡೂ ನಮ್ಮ ಜಿಲ್ಲೆಯವೇ. ಟ್ರಂಕು ತೆರೆದರೆ ಜಂಪರ್ ಪೀಸುಗಳ ರಾಶಿ. ಉಡಿ ತುಂಬಿದಾಗ ಬಂದವು, ಸೀಮಂತಕ್ಕೆ ಬಂದವು, ಗೃಹಪ್ರವೇಶಕ್ಕೆ ಬಂದವು. ಇವುಗಳಲ್ಲಿ ಬಹಳಷ್ಟು ಹೊಲಿಸಿಕೊಳ್ಳುವುದಕ್ಕಾಗಿ ಹುಟ್ಟಿದವೇ ಅಲ್ಲ. ಒಂದು ಉಡಿಯಿಂದ ಇನ್ನೊಂದು ಉಡಿಗೆ ಪ್ರಯಾಣ ಮಾಡುವುದಕ್ಕಾಗಿ ಹುಟ್ಟಿದವು. ನಾನು ಕೊಟ್ಟ ಗಿಣಿಹಸಿರು ಪೀಸು ಆರು ವರ್ಷದ ನಂತರ ಅದೇ ಮಡಿಕೆಯಲ್ಲಿ ನನಗೇ ಮರಳಿ ಬಂದದ್ದುಂಟು. ಮೂಲೆಯಲ್ಲಿದ್ದ ಅರಿಸಿನದ ಕಲೆಯಿಂದ ಗುರುತು ಹಿಡಿದೆ.

ಕಳೆದ ಬೇಸಿಗೆಯಲ್ಲಿ ಈ ಪೀಸುಗಳ ಪ್ರಯಾಣಕ್ಕೆ ಕೊನೆ ಹಾಡಬೇಕೆಂದು ಕುಳಿತೆ. ಸೂಜಿ ಮುಟ್ಟಬಾರದು ಎಂಬುದೇ ಕರಾರು. ಮೊದಲು ಡಬ್ಬಿಗಳು. ಹಾಲಿನ ಪುಡಿಯ ಡಬ್ಬಿಗೆ ಅಂಟು ಸವರಿ ಬಟ್ಟೆ ಸುತ್ತಿದೆ. ತೆಳುವಾದ ಜಂಪರ್ ಪೀಸಿನಲ್ಲಿ ಅಂಟು ಒಸರಿ ಎಣ್ಣೆ ಬಿದ್ದಂತೆ ಕಾಣಿಸಿತು. ಖಣ ದಪ್ಪ, ಅದು ಗುಟ್ಟು ಬಿಟ್ಟುಕೊಡಲಿಲ್ಲ. ಅಂಟಿಗೆ ದುಡ್ಡೇಕೆ ಎಂದು ಒಂದು ಡಬ್ಬಿಗೆ ಮೈದಾ ಹಿಟ್ಟಿನ ಅಂಟು ಕುದಿಸಿ ಹಚ್ಚಿದೆ. ಪುಸ್ತಕಕ್ಕೆ ರಟ್ಟು ಹಾಕುವವರು ಹುಳು ಬಾರದಂತೆ ಅದರಲ್ಲಿ ಮೈಲುತುತ್ತ ಬೆರೆಸುತ್ತಿದ್ದರು ಎಂಬುದು ನೆನಪಾದದ್ದು, ಜಿರಳೆಗಳು ಊಟಕ್ಕೆ ಕುಳಿತ ಮೇಲೆ.

ನಂತರ ತೋರಣ. ಅದಕ್ಕಾಗಿ ಮಗಳು ಗ್ಲೂ ಗನ್ ತಂದುಕೊಟ್ಟಳು. ಮೇಣದಂಥ ಕಡ್ಡಿ ಒಳಗೆ ಕರಗಿ ಮೂತಿಯಿಂದ ಹನಿಹನಿಯಾಗಿ ಬರುತ್ತದೆ, ಬಟ್ಟೆಯನ್ನೂ ಬೆರಳನ್ನೂ ಭೇದವಿಲ್ಲದೆ ಅಂಟಿಸುತ್ತದೆ. ಖಣದ ತ್ರಿಕೋನಗಳನ್ನು ಸಾಲಾಗಿ ಅಂಟಿಸಿ ಪಡುವಣ ಬಾಗಿಲಿಗೆ ಕಟ್ಟಿದೆ. ಕಾಯಿಸಿ ಅಂಟಿಸಿದ್ದು ಕಾದರೆ ಬಿಡುತ್ತದೆ ಎಂಬ ಸರಳ ಸತ್ಯ ನನಗೆ ಹೊಳೆಯಲಿಲ್ಲ. ಮೇ ತಿಂಗಳ ಬಾಗಲಕೋಟೆಯ ಇಳಿಹೊತ್ತಿನ ಬಿಸಿಲಿಗೆ ಅದು ಹೊಳೆಯಿತು. ಗ್ಯಾಸ್ ಸಿಲಿಂಡರ್ ತಂದವನ ಹೆಗಲ ಮೇಲೆ ಅರ್ಧ ತೋರಣ ಬಿತ್ತು. “ಸನ್ಮಾನ ಬೇಡ ಅಕ್ಕ, ಸಹಿ ಮಾಡಿದರೆ ಸಾಕು” ಎಂದ.

ಟೀ ಶರ್ಟಿನ ಚೀಲದ ಕತೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಮಗ ಕಾಲೇಜಿನ ಗ್ಯಾದರಿಂಗಿಗೆ ಹಾಕಿಕೊಂಡಿದ್ದ ಟೀ ಶರ್ಟಿನ ತೋಳು, ಕುತ್ತಿಗೆ ಕತ್ತರಿಸಿ, ಕೆಳಗಿನ ಅಂಚನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ, ಮುಂದಿನದಕ್ಕೆ ಹಿಂದಿನದನ್ನು ಗಂಟು ಹಾಕಿದರೆ ಚೀಲ. ಅದು ಹೆಣೆದ ಬಟ್ಟೆಯಾದ್ದರಿಂದ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ನೇಯ್ದ ಬಟ್ಟೆಯಂತೆ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು ಬೇರೆಯಾಗುವ ಭಯವಿಲ್ಲ. ಆದರೆ ಎರಡು ಕಿಲೋ ಉಳ್ಳಾಗಡ್ಡಿ ಹಾಕಿದೊಡನೆ ಚೀಲ ಮೊಣಕಾಲಿನವರೆಗೆ ಇಳಿಯಿತು. ಸಂತೆಯಿಂದ ಮನೆಗೆ ಬರುವ ಹೊತ್ತಿಗೆ ಉಳ್ಳಾಗಡ್ಡಿಗಿಂತ ಹೆಚ್ಚು ಧೂಳು ತಂದಿದ್ದೆ.

ಇಷ್ಟೆಲ್ಲ ಆಗುವಾಗ ಅವ್ವ ಗೋಡೆಗೆ ಒರಗಿ ನೋಡುತ್ತಿದ್ದಳು. ಕೌದಿ ಹೊಲಿದ ಕೈ ಅವಳದು. ನನ್ನ ಅಂಟಿನ ಆಟ ಅವಳಿಗೆ ಮಕ್ಕಳಾಟ. ಆದರೆ ನಾನು ಹಳೆಯ ಸೀರೆಗಳನ್ನು ಹರಿದು ಕಾಲೊರೆಸು ಮಾಡಲು ಕುಳಿತಾಗ ಅವಳು ಮುಂದಕ್ಕೆ ಸರಿದಳು. ಪಟ್ಟಿಗೆ ಪಟ್ಟಿ ಕೂಡಿಸುವುದಕ್ಕೆ ನಾನು ಕಲಿತ ಉಪಾಯ ಹೀಗಿತ್ತು: ಎರಡರ ತುದಿಯಲ್ಲೂ ಗುಂಡಿಮನೆಯಷ್ಟು ಸೀಳು ಮಾಡಬೇಕು. ಹೊಸ ಪಟ್ಟಿಯ ಸೀಳಿದ ತುದಿಯನ್ನು ಹಳೆಯದರ ಸೀಳಿನೊಳಗೆ ತೂರಿಸಿ, ಅದರ ಬಾಲವನ್ನು ಅದರದೇ ಸೀಳಿನಿಂದ ಎಳೆದು ಬಿಗಿಯಬೇಕು. ಗಂಟಿಲ್ಲ, ಹೊಲಿಗೆಯಿಲ್ಲ.

“ಇದು ಕೊಂಡಿ” ಎಂದಳು ಅವ್ವ.

ಎದ್ದು ಹೋಗಿ ತನ್ನ ಇಳಕಲ್ ಸೀರೆ ತಂದು ಸೆರಗು ಬಿಚ್ಚಿ ತೋರಿಸಿದಳು. ನಲವತ್ತು ವರ್ಷ ನೋಡಿದ ಸೀರೆ, ಈ ಕಣ್ಣಿನಿಂದ ನೋಡಿರಲಿಲ್ಲ. ಮೈ ಮುಗಿದು ಕೆಂಪು ರೇಷ್ಮೆಯ, ಟೋಪ ತೆನೆ ಎಂಬ ವಿನ್ಯಾಸದ ಸೆರಗು ಶುರುವಾಗುವಲ್ಲಿ ಒಂದು ಸಣ್ಣ ಗೆರೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದಲ್ಲಿ ನೇಯುವ ಮೊದಲೇ ಅದರ ಎಳೆಗೆ ಇದರ ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಕೂಡಿಸುತ್ತಾರೆ. ಸೂಜಿ ಅಲ್ಲಿಗೂ ಹೋಗಿಲ್ಲ. ನಾನು ಬೀಗಿದೆ. “ಅವರದು ಸಾವಿರಾರು ಎಳೆ. ನಿನ್ನದು ಒಂದು, ಅದೂ ವಕ್ರ” ಎಂದಳು ಅವ್ವ.

ಆಮೇಲೆ ಅವಳ ಬಾಯಿಂದ ಹೊಲಿಯದ ಬಟ್ಟೆಗಳೆಲ್ಲ ಹೊರಟವು. ಮುತ್ತ್ಯಾನ ರುಮಾಲು, ಅವನ ಧೋತರ, ಮಗುವನ್ನು ತೂಗಿದ ಜೋಲಿ, ಹೊಲಕ್ಕೆ ಹೊರಟ ಬುತ್ತಿಯ ಗಂಟು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೆಯ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದಾಗ, ಪಾತ್ರೆ ಪಡಗ, ದೇವರು, ಜೋಳ ಎಲ್ಲವನ್ನೂ ಸೀರೆಗಳಲ್ಲಿ ಗಂಟು ಕಟ್ಟಿಯೇ ತಂದಿದ್ದಳಂತೆ. “ಒಂದು ಗಂಟೂ ಬಿಚ್ಚಲಿಲ್ಲ. ನಿಮ್ಮಪ್ಪ ತಂದ ರಟ್ಟಿನ ಪೆಟ್ಟಿಗೆ ಮಾತ್ರ ದಾರಿಯಲ್ಲೇ ಬುಡ ಬಿಟ್ಟಿತು.”

ಕಾಲೊರೆಸು ಮುಂದುವರಿಯಿತು. ಮೂರು ಎಳೆಯ ಜಡೆ ಹೆಣೆದು ಸುರುಳಿ ಸುತ್ತಿದೆ. ಸುತ್ತಿಗೆ ಸುತ್ತನ್ನು ಕೂಡಿಸಲು ಇನ್ನೊಂದು ಪಟ್ಟಿಯನ್ನು ಜಡೆಯ ಸಂದಿಯಲ್ಲಿ ತೂರಿಸಬೇಕು. ಬೆರಳು ಸಾಲದೆ, ಲಂಗಕ್ಕೆ ಲಾಡಿ ಏರಿಸುವ ಪಿನ್ನು ಹಿಡಿದೆ. “ಅದು ಸೂಜಿಯಲ್ಲವೇ?” ಎಂದು ಅವ್ವ ಕೇಳಿದಳು. ಪಿನ್ನು ಬಟ್ಟೆಯನ್ನು ಚುಚ್ಚುತ್ತಿಲ್ಲ, ಪಟ್ಟಿಗೆ ದಾರಿ ತೋರಿಸುತ್ತಿದೆ ಅಷ್ಟೇ ಎಂದು ವಾದಿಸಿದೆ. ವಕೀಲನಾದ ತಮ್ಮನಿಗೆ ಫೋನ್ ಮಾಡಿದೆವು. ಅವನು ಎರಡೂ ಕಡೆಯವರಿಗೆ ಫೀಸು ಕೇಳಿದ.

ಪಟ್ಟಿ ಸಾಲದೆ ಅದು ಕಾಲೊರೆಸಿನಷ್ಟು ಅಗಲಕ್ಕೆ ಬೆಳೆಯಲಿಲ್ಲ; ತಟ್ಟೆಯಷ್ಟಾಗಿ ನಿಂತಿತು. ನಡುವೆ ಬೇರೆ ತುಸು ತಗ್ಗು. ಅವ್ವ ತಿರುವಿ ಮುರುವಿ ನೋಡಿ, “ಇಷ್ಟು ದಿನ ಕುಳಿತು ಸಿಂಬಿ ಮಾಡಿದೆಯಲ್ಲ” ಎಂದಳು. ತಲೆಯ ಮೇಲೆ ಕೊಡ ಹೊರುವವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮಿಕ್ಸರ್ ಎತ್ತಿ ಅದರ ಕೆಳಗೆ ಇಟ್ಟೆ. ಗಡಗಡ ನಿಂತಿದೆ. ಹೊಲಿಗೆ ಯಂತ್ರಕ್ಕೆ ಈಗ ಆ ಸದ್ದೂ ಇಲ್ಲ.