ಖಾಲಿ ಪುಸ್ತಕದ ಕಲಾವಿದರು

ಕೊಡಗಿನಲ್ಲಿ ಈಗ ಚಿತ್ರ ಬಿಡಿಸುವವರಿಗಿಂತ ಚಿತ್ರ ಬಿಡಿಸಲೆಂದು ಖಾಲಿ ಪುಸ್ತಕ ಹೊಲಿಯುವವರೇ ಜಾಸ್ತಿ. ನ್ಯಾಯವಾಗಿಯೇ ಇದೆ. ಚಿತ್ರ ಬಿಡಿಸಬೇಕಾದರೆ ಕೈ ಪಳಗಬೇಕು, ಕಣ್ಣು ಪಳಗಬೇಕು, ವರ್ಷಗಟ್ಟಲೆ ಕೆಟ್ಟ ಚಿತ್ರ ಬಿಡಿಸಿ ನಾಚಿಕೆ ಬಿಡಬೇಕು. ಪುಸ್ತಕ ಹೊಲಿಯಲು ಒಂದು ಭಾನುವಾರ ಸಾಕು. ಅದರಲ್ಲೂ ಅರ್ಧ ದಿನ ಇನ್‌ಸ್ಟಾಗ್ರಾಂ ವಿಡಿಯೋಗೆ ಟ್ರೈಪಾಡ್ ನಿಲ್ಲಿಸುವುದಕ್ಕೇ ಹೋಗುತ್ತದೆ.

ಗೊತ್ತಿಲ್ಲದವರಿಗೆ ವಿಧಾನ ಹೇಳುತ್ತೇನೆ. ಮೊದಲು 300 ಜಿಎಸ್‌ಎಂನ ದಪ್ಪ ಕಾಟನ್ ಹಾಳೆ ತರಿಸಬೇಕು. ಅದಕ್ಕೆ ಕತ್ತರಿ ಮುಟ್ಟಿಸಬಾರದು. ಸ್ಕೇಲ್ ಒತ್ತಿ ಹಿಡಿದು ಪರ್ರ್ ಅಂತ ಹರಿಯಬೇಕು. ಅಂಚು ಒರಟಾಗುತ್ತದೆ, ಮೈಕಿಗೆ ಸದ್ದು ಚೆನ್ನಾಗಿ ಸಿಗುತ್ತದೆ. ಆಮೇಲೆ ಹಾಳೆಗಳನ್ನು ಮಡಚಿ, ಒಂದರೊಳಗೆ ಒಂದು ಸೇರಿಸಿ, ಬೆನ್ನಿಗೆ ದಬ್ಬಣದಲ್ಲಿ ತೂತು ಹಾಕಿ, ಮೇಣ ಹಚ್ಚಿದ ದಾರದಲ್ಲಿ ಹೊಲಿಯಬೇಕು. ಹೊಲಿಗೆ ಕಾಪ್ಟಿಕ್ ಆದರೆ ಮರ್ಯಾದೆ ಜಾಸ್ತಿ. 1500 ವರ್ಷಕ್ಕೂ ಹಿಂದೆ ಈಜಿಪ್ಟಿನ ಕ್ರೈಸ್ತರು ಬಳಸುತ್ತಿದ್ದ ಹೊಲಿಗೆ ಅದು. ಪುಸ್ತಕವನ್ನು ಎಲ್ಲಿ ತೆರೆದರೂ ಚಪ್ಪಟೆಯಾಗಿ ಮಲಗುತ್ತದೆ. ಎರಡು ಪುಟ ಸೇರಿಸಿ ಒಂದೇ ಚಿತ್ರ ಬಿಡಿಸಬಹುದು. ಬಿಡಿಸಬಹುದು ಅಂದೆ. ಬಿಡಿಸುತ್ತಾರೆ ಅನ್ನಲಿಲ್ಲ.

ಹೊಲಿದಾದ ಮೇಲೆ ಅದನ್ನು ಕಾಫಿ ಗಿಡದ ಬುಡದಲ್ಲಿ, ಕೆಂಪು ಹಣ್ಣು ಕಾಣುವ ಹಾಗೆ ಇಟ್ಟು, ಒಂದೊಂದೇ ಪುಟ ತಿರುವಬೇಕು. ಬಿಳಿ ಪುಟ. ಮತ್ತೊಂದು ಬಿಳಿ ಪುಟ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಒಂದು ಸಾಲು: "ಇಷ್ಟು ಚೆಂದ ಇದೆ, ಗೀಚಿ ಹಾಳು ಮಾಡೋಕೆ ಮನಸ್ಸೇ ಬರ್ತಿಲ್ಲ." ನೋಡಿದವರೆಲ್ಲ ಹೌದು ಹೌದು ಎಂದು ಹೃದಯ ಒತ್ತುತ್ತಾರೆ. ಮುಂದಿನ ಭಾನುವಾರ ಇನ್ನೊಂದು ಪುಸ್ತಕ.

ಬಿಳಿ ಬೇಡ, ಹಳೆಯದಾಗಿ ಕಾಣಬೇಕು ಅನ್ನುವವರು ಹಾಳೆಗೆ ಡಿಕಾಕ್ಷನ್ ಬಳಿಯುತ್ತಾರೆ. ಕಾಗದದ ಅಂಗಡಿಯವರು ಈ ಹಾಳೆಯಲ್ಲಿ ಆಸಿಡ್ ಇಲ್ಲ, ಎಷ್ಟು ವರ್ಷವಾದರೂ ಹಳದಿ ಬರುವುದಿಲ್ಲ ಎಂದು ದುಬಾರಿಗೆ ಮಾರಿರುತ್ತಾರೆ. ಇವರು ಅದನ್ನು ಕೊಂಡು ತಂದು, ಆಸಿಡ್ ಇರುವ ಕಾಫಿಯನ್ನೇ ಸುರಿದು, ಅದೇ ದಿನ ಹಳದಿ ಮಾಡುತ್ತಾರೆ. ಕಾಫಿ ಬೆಳೆಗಾರನ ಮನೆಯಲ್ಲೇ ಇದು ನಡೆದರೆ ಅಜ್ಜ ಏನೂ ಹೇಳುವುದಿಲ್ಲ. ಈಗಿನ ರೋಬಸ್ಟಾ ರೇಟು ನೆನೆಸಿಕೊಂಡು ಸುಮ್ನೆ ಕಣ್ಣು ಮುಚ್ಚುತ್ತಾರೆ.

ಆದರೆ ನಮ್ಮ ಜಿಲ್ಲೆಯ ದೊಡ್ಡ ಸಾಧನೆ ಆನೆ ಲದ್ದಿಯ ಕಾಗದ. ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಲದ್ದಿ ತುಂಬ ನಾರೇ ನಾರು. ಅದನ್ನು ತೊಳೆದು, ಬೇಯಿಸಿ, ರುಬ್ಬಿ, ಜಾಲರಿಯಲ್ಲಿ ಎತ್ತಿ ಒಣಗಿಸಿದರೆ ಒಳ್ಳೆ ಕಾಗದ ಆಗುತ್ತದೆ. ಸಿದ್ದಾಪುರ, ಅಮ್ಮತ್ತಿ ಕಡೆ ಈ ಕಚ್ಚಾವಸ್ತು ಮನೆ ಬಾಗಿಲಿಗೇ ಬರುತ್ತದೆ. ತಂದವರು ರಾತ್ರಿ ಬಾಳೆ ಮುರಿದು, ಬೇಲಿ ಮುರಿದು, ಹಲಸಿನ ಮರ ಅಲುಗಾಡಿಸಿ, ಬೆಳಗಿನ ಜಾವ ಅಂಗಳದಲ್ಲಿ ರಾಶಿ ಹಾಕಿ ಹೋಗಿರುತ್ತಾರೆ. ಮನೆಯ ಮಗಳು ಮೂಗು ಮುಚ್ಚಿಕೊಂಡು ಅದನ್ನು ದಾಟಿ ಗೇಟಿಗೆ ಓಡುತ್ತಾಳೆ. ಯಾಕೆ? ಕೊರಿಯರ್ ಬಂದಿದೆ. ಪಾರ್ಸೆಲ್‌ನಲ್ಲಿ ಏನಿದೆ? ಜೈಪುರದಿಂದ ಬಂದ ಆನೆ ಲದ್ದಿಯ ಕಾಗದ. ಪುಸ್ತಕದ ಹೆಸರು 'ಕೂರ್ಗ್ ವೈಲ್ಡ್'.

ಜೂನ್ ಬಂತೆಂದರೆ ಈ ಕಲೆಗೆ ಕಷ್ಟಕಾಲ. ಮಡಿಕೇರಿಯ ಮಳೆಗೆ ಕಪಾಟಿನಲ್ಲಿಟ್ಟ ಬೆಲ್ಟೇ ಬೂಷ್ಟು ಹಿಡಿಯುತ್ತದೆ, ಕಾಗದ ಬಿಡುತ್ತದೆಯೇ? ಬಣ್ಣ ಹೀರದಂತೆ ಹಾಳೆಗೆ ಜಿಲೆಟಿನ್ ಹಚ್ಚಿರುತ್ತಾರೆ. ತೇವಕ್ಕೆ ಅದು ಕೆಟ್ಟರೆ ಬಣ್ಣ ಕಲೆ ಕಲೆಯಾಗಿ ಇಂಗುತ್ತದೆ. ಬಣ್ಣವನ್ನೇ ಹಚ್ಚದವರಿಗೆ ಈ ತೊಂದರೆ ಇಲ್ಲ, ಅದು ಬೇರೆ ಮಾತು. ಅಂಟಿನದೇ ನಿಜವಾದ ಗೋಳು. ಹಿಂದೆ ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಹಾಕುತ್ತಿದ್ದರು. ಅದು ವಿಷ, ಹುಳ ಹತ್ತಿರ ಬರುತ್ತಿರಲಿಲ್ಲ. ಮೈಲುತುತ್ತ ಕೊಡಗಿನಲ್ಲಿ ಹುಡುಕಬೇಕಾದ ವಸ್ತುವೇನೂ ಅಲ್ಲ. ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಮಕ್ಕಳೂ ಹೇಳುತ್ತಾರೆ. ಆದರೆ ನಮ್ಮ ಕಲಾವಿದರ ಅಂಟು 'ಕೆಮಿಕಲ್ ಇಲ್ಲದ್ದು'. ಹಾಗಾಗಿ ಜಿರಳೆಗಳಿಗೆ ಮಳೆಗಾಲ ಪೂರ್ತಿ ಒಳ್ಳೆ ಊಟ. ಆ ಪುಸ್ತಕಗಳನ್ನು ಕೊನೆಯ ಪುಟದವರೆಗೂ ಬಳಸಿದವರು ಅವೇ.

ಅಪರೂಪಕ್ಕೆ ಕೆಲವರು ಚಿತ್ರ ಬಿಡಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಅವರ ಪಾಡು ಇನ್ನೂ ಕಷ್ಟ. 2015ರವರೆಗೆ ಇನ್‌ಸ್ಟಾಗ್ರಾಂಗೆ ಚೌಕ ಚಿತ್ರವೇ ಬೇಕಿತ್ತು. ಇವರು ಚೌಕ ಪುಸ್ತಕ ಹೊಲಿದರು. 2020ರಲ್ಲಿ ರೀಲ್ಸ್ ಬಂತು. ಮರುವರ್ಷ, ನಾವಿನ್ನು ಬರೀ ಫೋಟೋ ಹಂಚುವ ಆ್ಯಪ್ ಅಲ್ಲ ಎಂದು ಅದರ ಮುಖ್ಯಸ್ಥರೇ ಹೇಳಿದರು. ಇವರು ಫೋನಿನ ಅಳತೆಗೆ ಉದ್ದ ಪುಸ್ತಕ ಹೊಲಿದರು. ಈಗ ಸಮಸ್ಯೆ ಏನೆಂದರೆ ಬೆಟ್ಟಗಳು ಅಡ್ಡ ಇವೆ. ರಾಜಾಸೀಟಿನಲ್ಲಿ ನಿಂತರೆ ಕಾಣುವುದೆಲ್ಲ ಎಡದಿಂದ ಬಲಕ್ಕೆ ಹರಡಿಕೊಂಡಿದೆ. ಬ್ರಹ್ಮಗಿರಿ ಸಾಲಂತೂ ಯಾವ ಫ್ರೇಮಿಗೂ ಬಗ್ಗುವುದಿಲ್ಲ. ಅಬ್ಬಿ ಜಲಪಾತ ಮಾತ್ರ ಮುಂದಾಲೋಚನೆಯಿಂದ ಮೇಲಿನಿಂದ ಕೆಳಕ್ಕೆ ಬೀಳುತ್ತಿದೆ. ಅದಕ್ಕೇ ಎಲ್ಲರ ರೀಲಿನಲ್ಲೂ ಅದೇ.

2024ರಲ್ಲಿ ಇನ್ನೊಂದು ಗಲಾಟೆ ಆಯಿತು. ಜನ ಹಾಕಿದ ಚಿತ್ರಗಳನ್ನು ಬಳಸಿ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ ತನ್ನ ಎಐಗೆ ಕಲಿಸುತ್ತದಂತೆ ಎಂದು ಗೊತ್ತಾಗಿ ಚಿತ್ರಕಾರರು ಎಲ್ಲೆಡೆ ಸಿಟ್ಟಾದರು. ನಿಜವಾಗಿ ಬಿಡಿಸುವವರ ಸಿಟ್ಟು ನ್ಯಾಯದ್ದೇ. ಸಾವಿರಾರು ಜನ 'ಕಾರಾ' ಎಂಬ ಬೇರೆ ಆ್ಯಪಿಗೆ ಹೋದರು. ಕೆಲವು ತಿಂಗಳಾದ ಮೇಲೆ, ನನ್ನ ಚಿತ್ರ ಮುಟ್ಟಲು ನಾನು ಒಪ್ಪಿಲ್ಲ ಎಂಬ ಒಂದು ಸಂದೇಶವನ್ನು ಸಿಕ್ಕಸಿಕ್ಕವರೆಲ್ಲ ಕಾಪಿ ಮಾಡಿ ಹಾಕಿಕೊಂಡರು. ಅದರಿಂದ ಯಾವ ಕಂಪನಿಯೂ ಹೆದರಲಿಲ್ಲ. ನಮ್ಮ ಪುಸ್ತಕ ಹೊಲಿಯುವವರೂ ತಪ್ಪದೆ ಹಾಕಿದ್ದರು. ಖಾಲಿ ಪುಟ ಕದ್ದು ಯಂತ್ರ ಏನು ಕಲಿಯುತ್ತದೆ ಅಂತ ಕೇಳಬೇಡಿ. ಕಲಿತರೂ ಕಲಿಯಬಹುದು, ಸುಮ್ಮನಿರುವುದನ್ನು.

ಈಗ ಹೋಂಸ್ಟೇಗಳಲ್ಲಿ ವರ್ಕ್‌ಶಾಪ್ ಕೂಡ ಇದೆ. ಹಾಳೆ ಮೊದಲೇ ಹರಿದಿಟ್ಟಿರುತ್ತಾರೆ, ತೂತು ಮೊದಲೇ ಹಾಕಿರುತ್ತಾರೆ, ಮುಕ್ಕಾಲು ಹೊಲಿಗೆಯೂ ಆಗಿರುತ್ತದೆ. ಬೆಂಗಳೂರಿನಿಂದ ಬಂದವರು ಕೊನೆಯ ಗಂಟು ಹಾಕಿ, ಪಂದಿ ಕರಿ ಕಡಂಬುಟ್ಟು ತಿಂದು, ಕೈಯಿಂದ ಏನಾದರೂ ಮಾಡುವುದರ ಸುಖವೇ ಬೇರೆ ಎನ್ನುತ್ತಾ ಸುಂಟಿಕೊಪ್ಪ ದಾರಿಯಲ್ಲಿ ವಾಪಸ್ ಹೋಗುತ್ತಾರೆ. ವರ್ಕ್‌ಶಾಪ್ ನಡೆಸುವವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ, ಊರಿನ ಒಂದಿಷ್ಟು ಜನಕ್ಕೆ ಕೆಲಸ ಸಿಕ್ಕಿದೆ.

ಇಂಥ ಒಂದು ಹೋಂಸ್ಟೇಯ ಹುಡುಗ ಮೊನ್ನೆ ನಮ್ಮ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಬಂದಿದ್ದ. ರೈಟರ್ ಕೈಯಲ್ಲಿ ಹಳೆಯ ಚೆಕ್‌ರೋಲ್ ಇತ್ತು. ಪೇಟೆಯ ಪ್ರೆಸ್ಸಿನಲ್ಲಿ ಹೊಲಿಸಿದ್ದು, ಕೆಂಪು ಬಟ್ಟೆಯ ಬೆನ್ನು, ಮೂಲೆ ಸವೆದಿದೆ. ಒಳಗೆ ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಅನ್ನುವ ಲೆಕ್ಕ. ಹಿಂದಿನ ಪುಟಗಳಲ್ಲಿ ಬಾಲ್‌ಪೆನ್ನಿನ ಚಿತ್ರಗಳು. ಆನೆ ಎಲ್ಲಿಂದ ಇಳಿಯಿತು, ಕೆರೆ ಯಾವ ಕಡೆ ದಾಟಿತು, ಕಾರ್ಮಿಕರ ಲೈನ್ ಮನೆಯ ಹಿಂದೆ ಎಲ್ಲಿ ನಿಂತಿತು, ಎಷ್ಟು ಗಿಡ ಹೋಯಿತು ಎಂದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಲು ಬಿಡಿಸಿಕೊಂಡದ್ದು. ಮರಿಯಾನೆಯ ಬಾಲವನ್ನೂ ಬಿಟ್ಟಿಲ್ಲ. ಪುಸ್ತಕದಲ್ಲಿ ಒಂದು ಬೆರಳು ಇಡುವಷ್ಟು ಜಾಗ ಇಲ್ಲ.

"ಅಣ್ಣಾ, ಇದು ಪಕ್ಕಾ ವಿಂಟೇಜ್. ನಮಗೆ ಕೊಡ್ತೀರಾ? ಒಳ್ಳೆ ರೇಟ್ ಕೊಡ್ತೀವಿ," ಎಂದ ಹುಡುಗ. "ಬರೆದಿರೋ ಹಾಳೆ ಮಾತ್ರ ನೀವೇ ಕಿತ್ತು ಇಟ್ಕೊಳ್ಳಿ."

"ಹಾಗಾದ್ರೆ ಬರೀ ರಟ್ಟು ಉಳೀತದಲ್ಲ ಮಾರಾಯ?"

"ಅದೇ ಅಣ್ಣಾ ನಮಗೆ ಬೇಕಿರೋದು."